ಮಗಳಿಗೊಂದು ಪತ್ರ: ಹದಿಮೂರರ ಮಗ್ಗಿ

ಪುಟ್ಟಿ,

ಹಾಸ್ಟೆಲ್ ರೂಮಿನವರಿಗೆ ಫಿಟ್ಸ್ ವಿಷಯ ಹೇಳಬೇಕಾ ಬೇಡವಾ ಅಂತ ನಿನ್ನೆ ಫೋನಿನಲ್ಲಿ ಕೇಳಿದೆ, ನಾನು ಏನೋ ಹಾರಿಕೆ ಉತ್ತರ ಕೊಟ್ಟೆ. ರಾತ್ರಿಯೆಲ್ಲ ಅದೇ ಯೋಚನೆ. ನಿನಗೆ ಏನಾಗುತ್ತೆ ಅಂತ ಊರೆಲ್ಲ ನೋಡಿದೆ, ನೀನೊಬ್ಬಳೇ ನೋಡಿಲ್ಲ, ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ.

ಆರನೇ ಕ್ಲಾಸಿನಲ್ಲಿ ಪ್ರಾರ್ಥನೆ ಹೊತ್ತಿಗೆ ನೀನು ಬಿದ್ದಾಗ ಮಕ್ಕಳೆಲ್ಲ "ಅವಳ ಮೈಮೇಲೆ ಅಮ್ಮ ಬಂದಳು" ಅಂತ ಕೂಗಿದರು. ಮಕ್ಕಳ ತಪ್ಪೇನಿದೆ, ಹೇಳಿಕೊಟ್ಟವರು ನಾವೇ. ಅದಕ್ಕೂ ಮುಂಚೆ ಮನೆಯಲ್ಲಿ ಎರಡು ಸಲ ಹಾಗಾದಾಗ ನಾನೇ ಕುಂಕುಮ ಹಚ್ಚಿ ಆರತಿ ಎತ್ತಿದ್ದೆ, ತಾಯತ ಕಟ್ಟಿಸಿದ್ದೆ. ಪಕ್ಕದ ಬೀದಿಯವರು ಬಂದು, ಕಳೆದುಹೋದ ಹಸು ಯಾವ ದಿಕ್ಕಿಗಿದೆ ಅಂತ ನಿನ್ನನ್ನು ಕೇಳಿದ್ದರು. ನೀನು ಕಣ್ಣು ಬಿಟ್ಟು ನೀರು ಕೇಳಿದೆ. (ಹಸು ಸಂಜೆ ತಾನೇ ಬಂತು. ಆ ಹೆಸರೂ ನಿನಗೇ ಬಂತು!)

ಅವತ್ತು ಶಾಲೆಯಲ್ಲಿ ಯಾರೋ ಬೀಗದ ಕೈ ತಂದರಂತೆ, ಅಡುಗೆಯವರು ಈರುಳ್ಳಿ ಹಿಡಿದು ಓಡಿಬಂದರಂತೆ. ನಿಮ್ಮ ಮಿಸ್ ಯಾವುದನ್ನೂ ಹತ್ತಿರ ಬಿಡಲಿಲ್ಲ. ನಿನ್ನನ್ನು ಮಗ್ಗುಲಿಗೆ ತಿರುಗಿಸಿ, ತಲೆ ಕೆಳಗೆ ತಮ್ಮ ಶಾಲು ಮಡಚಿಟ್ಟು, ಕೈಕಾಲು ಒತ್ತಿ ಹಿಡಿಯಲು ಬಂದವರನ್ನು ದೂರ ಕಳಿಸಿ, ಗಡಿಯಾರ ನೋಡುತ್ತಾ ಪಕ್ಕದಲ್ಲೇ ಕೂತರಂತೆ. ಮಕ್ಕಳಿಗೆ ಮಾತ್ರ "ಎಲ್ಲರೂ ಗೋಡೆ ಕಡೆ ತಿರುಗಿ, ಹದಿಮೂರರ ಮಗ್ಗಿ ಹೇಳಿ" ಅಂದರು. ಎರಡು ಸಲ ಮುಗಿಯುವ ಹೊತ್ತಿಗೆ ನಿನ್ನ ಮೈ ಸಡಿಲವಾಯಿತು. ಮಾತ್ರೆ ಹಿಡಿಯುವವರೆಗೂ ಶಾಲೆಯಲ್ಲಿ ಅದೇ ಪದ್ಧತಿ. ನಿಮ್ಮ ಕ್ಲಾಸಿನವರಿಗೆಲ್ಲ ಹದಿಮೂರರ ಮಗ್ಗಿ ಬಾಯಿಪಾಠ, ನೀನೊಬ್ಬಳು ಇವತ್ತಿಗೂ ಹದಿಮೂರು ಏಳಕ್ಕೆ ತಡವರಿಸುತ್ತೀಯ. ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಸಂಜೆ ಮಿಸ್ ಮನೆಗೆ ಬಂದರು. ಬೈಯಲಿಲ್ಲ. "ಅಮ್ಮ ಬರೋದಾದ್ರೆ ಬರಲಿ, ಮಾತ್ರೆ ಕೊಟ್ಟರೆ ಅವಳೇನೂ ಬೇಜಾರು ಮಾಡ್ಕೊಳ್ಳಲ್ಲ" ಅಂದರು. ಇವಳನ್ನು ಯಾರು ಮದುವೆಯಾಗ್ತಾರೆ ಅಂತ ಅಜ್ಜಿ ಅತ್ತಾಗ, ಹಿಂದೂ ವಿವಾಹ ಕಾಯಿದೆಯಲ್ಲಿದ್ದ ಮೂರ್ಛೆ ರೋಗದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆ ಅಂತ ಹೇಳಿದ್ದೂ ಅವರೇ. ಹನ್ನೊಂದು ವರ್ಷದ ಹುಡುಗಿಗೆ ಮದುವೆ ಮಾತು ನೋಡು! ನಿಮ್ಹಾನ್ಸ್‌ನಲ್ಲಿ ನಿನ್ನ ತಲೆಗೆಲ್ಲ ವೈರು ಅಂಟಿಸಿ ಇಇಜಿ ಮಾಡಿದ ಮೇಲೆ ಡಾಕ್ಟರು, ಮಿದುಳಿನ ಕರೆಂಟು ಒಮ್ಮೊಮ್ಮೆ ಒಟ್ಟಿಗೇ ಹರಿದುಬಿಡುತ್ತೆ, ಅಷ್ಟೇ ಅಂದರು. ನನಗೆ ಸಮಾಧಾನಕ್ಕಿಂತ ನಾಚಿಕೆಯೇ ಜಾಸ್ತಿ ಆಯಿತು. ಆ ತಾಯತ ಇನ್ನೂ ಕಬೋರ್ಡಿನಲ್ಲಿದೆ, ಎಸೆಯಲು ಧೈರ್ಯ ಬಂದಿಲ್ಲ.

ರೂಮಿನವರಿಗೆ ಹೇಳು. ಬಾಯಿಗೆ ಏನೂ ತುರುಕಬೇಡಿ, ಮಗ್ಗುಲಿಗೆ ಮಲಗಿಸಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ ಅಂತ ಹೇಳಿದರೆ ಸಾಕು. ಮಗ್ಗಿ ಬೇಕಾದರೆ ಸೇರಿಸು. ಪರೀಕ್ಷೆ ಅಂತ ನಿದ್ದೆ ಕೆಡಬೇಡ, ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡ. ಬಸ್ಸಿನವರ ಕೈಲಿ ಚಕ್ಕುಲಿ ಕಳಿಸಿದ್ದೇನೆ, ಬರುವಾಗ ಡಬ್ಬ ವಾಪಸ್ ತಾ.

ನಿನ್ನ ಅಮ್ಮ