ಮನ್ಯಾಗ ಲಿವರ್ ಸಿರೋಸಿಸ್ ಇದ್ದವರು ಓದ್ರಿ
ಬಾಗಲಕೋಟಿ ಗುಂಪಿನ ಎಲ್ಲಾರಿಗೂ ನಮಸ್ಕಾರ್ರಿ. ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗೋ ಜಡ್ಡು) ಆಗಿ ಹೊಟ್ಟ್ಯಾಗ ನೀರು ತುಂಬಿದವರಿಗೆ ಆ ನೀರಿಗೇ ಬ್ಯಾಕ್ಟೀರಿಯಾ ಸೋಂಕು ತಗಲಬಹುದು. ಜ್ವರ ಬಂದೇ ಬರ್ತದ ಅಂತಿಲ್ಲ, ಇದೇ ಮೋಸ ಮಾಡೋದು. ಹಗಲೆಲ್ಲ ನಿದ್ದಿ, ರಾತ್ರಿ ಎಚ್ಚರ, ಕೇಳಿದ್ದಕ್ಕ ಏನೇನೋ ಉತ್ತರ, ಮೂತ್ರ ಕಡಿಮಿ, ಹೊಟ್ಟಿನೋವು: ಇದರಾಗ ಒಂದು ಕಂಡ್ರೂ ಅವತ್ತೇ ದವಾಖಾನಿಗೆ ಕರ್ಕೊಂಡು ಹೋಗ್ರಿ. ಅಮಾಸಿ ಕಳೀಲಿ ಅಂತ ಕಾಯಬ್ಯಾಡ್ರಿ. ಸೂಜಿ ಹಾಕಿ ಹೊಟ್ಟಿ ನೀರು ಪರೀಕ್ಷಾ ಮಾಡ್ತಾರ, ಹೆದರಿ ಬ್ಯಾಡ ಅನಬ್ಯಾಡ್ರಿ. ಆ ನೀರಿನ ಒಂದು ಘನ ಮಿಲಿಮೀಟರ್‌ನ್ಯಾಗ ನ್ಯೂಟ್ರೋಫಿಲ್ ಕಣ (ಸೋಂಕಿನ ಜೋಡಿ ಹೋರಾಡೋ ಬಿಳಿ ರಕ್ತಕಣ) 250 ದಾಟಿದ್ರ ಕಲ್ಚರ್ (ಲ್ಯಾಬಿನ್ಯಾಗ ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷಾ) ವರದಿಗೆ ಕಾಯದನ ಆಂಟಿಬಯೋಟಿಕ್ ಶುರು ಮಾಡಬೇಕಾಗ್ತದ. ಮೈಕೈ ನೋವಿಗೆ ಅಂಗಡ್ಯಾಗಿನ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರ ಕೊಡಬ್ಯಾಡ್ರಿ, ಕಿಡ್ನಿಗೆ ಪೆಟ್ಟು ಬೀಳ್ತದ. ಹೋಗೋವಾಗ ಹಳೇ ಚೀಟಿ, ನಡದಿರೋ ಗುಳಿಗಿ ಎಲ್ಲಾ ಜೋಡಿ ಒಯ್ರಿ.