ಆ ಫೋಟೋ ವಿಷಯ

ಅಮ್ಮ, ನಮಸ್ಕಾರ. ನಾನು ಚೆನ್ನಾಗಿದೀನಿ. ಅಪ್ಪನ ಮಂಡಿ ನೋವು ಹೇಗಿದೆ? ಫೋನಲ್ಲಿ ಹೇಳಕ್ಕೆ ಹೋದ್ರೆ ನೀನು ಅರ್ಧಕ್ಕೇ ಅಳ್ತೀಯ, ಅದಕ್ಕೇ ಟೈಪ್ ಮಾಡ್ತಿದೀನಿ, ಸುಮಾ ಓದಿ ಹೇಳ್ತಾಳೆ (ಸುಮಾ, ಇದ್ದಿದ್ದು ಇದ್ದಹಾಗೆ ಓದು, ನಿನ್ನ ಮಸಾಲೆ ಬೇಡ).

ನನ್ ಪಕ್ಕ ಒಬ್ಳು ಹುಡುಗಿ ಇರೋ ಫೋಟೋ ನೋಡಿ ನೀವೆಲ್ಲ ಏನೇನೋ ಅಂದ್ಕೊಂಡಿದೀರಂತೆ. ಅವಳು ನನ್ ಕ್ಲಾಸ್‌ಮೇಟ್, ಅಷ್ಟೇ. ಇಬ್ರೂ ಸೇರಿ ಒಂದು ಪ್ರೆಸೆಂಟೇಶನ್ ಕೊಡ್ಬೇಕು, ಅದಕ್ಕೇ ಅಲ್ಲಿ ಹೋಗಿದ್ದು. ಹಿಂದೆ ಕಾಣೋ ಗುಮ್ಮಟ ನೋಡಿ ಚಿಕ್ಕಪ್ಪ ದರ್ಗಾ ಅಂದ್ರಂತೆ, ಅಲ್ಲಮ್ಮ, ಅದು ಇಲ್ಲಿನ ಬ್ರೈಟನ್ ಊರಿನ ಪೆವಿಲಿಯನ್, ಇಂಗ್ಲೆಂಡಿನ ರಾಜ 4ನೇ ಜಾರ್ಜ್ ಕಟ್ಟಿಸ್ಕೊಂಡ ಅರಮನೆ. ಹೊರಗೆ ನಮ್ಮ ಕಡೆ ಗುಮ್ಮಟ, ಒಳಗೆ ಚೀನಾ ಡ್ರ್ಯಾಗನ್, ಆ ಪುಣ್ಯಾತ್ಮ ಎರಡು ದೇಶಕ್ಕೂ ಕಾಲಿಟ್ಟೋನಲ್ಲ. ಮೊದಲನೇ ಮಹಾಯುದ್ಧದಲ್ಲಿ ಗಾಯ ಆದ ನಮ್ಮ ಸೈನಿಕರಿಗೆ ಇದನ್ನೇ ಆಸ್ಪತ್ರೆ ಮಾಡಿದ್ರು, ಅವರವರ ಜಾತಿ ಧರ್ಮದ ಆಚಾರ ಕೆಡಬಾರ್ದು ಅಂತ 9 ಅಡುಗೆಮನೆ, ಹಿಂದೂಗಳಿಗೊಂದು ಮುಸ್ಲಿಮರಿಗೊಂದು ನಲ್ಲಿ. ಅಜ್ಜಿಗೆ ಹೇಳು, ಇಂಗ್ಲೆಂಡಲ್ಲೂ ಮಡಿ ಇತ್ತು ಅಂತ.

ಪ್ರೆಸೆಂಟೇಶನ್ ವಿಷಯ ಬ್ರಿಟಿಷರ ಕಾಲದ ಸಣ್ಣಕತೆಗಳಲ್ಲಿ 'ನಾವು, ಅವರು' ಅನ್ನೋದು. ಕಿಪ್ಲಿಂಗ್ ಅಂತ ಇಂಗ್ಲಿಷ್ ಲೇಖಕ ಇದಾನಲ್ಲ, ಬೊಂಬಾಯಲ್ಲಿ ಹುಟ್ಟಿದೋನು, ಅವನು ಇದೇ ಆಸ್ಪತ್ರೆ ಮೇಲೊಂದು ಕತೆ ಬರೆದಿದಾನೆ. ಗಾಯಾಳು ಸಿಖ್ ಸೈನಿಕ ಊರಲ್ಲಿರೋ ಒಡಹುಟ್ಟಿದೋನಿಗೆ ಹೇಳಿ ಬರೆಸೋ ಕಾಗದ, ಪೂರಾ ಕತೆ ಅದೇ. ನಿಜವಾದ ಸೈನಿಕರ ಕಾಗದಗಳನ್ನ ಸೆನ್ಸಾರ್‌ನೋರು ತೆರೆದು ಓದ್ತಿದ್ರು, ಆ ಸಾಲುಗಳು ಇವನ ಕೈಗೆ ಸಿಕ್ಕಿದ್ವು, ಹಾಗಾಗಿ ಸುಳ್ಳು ಅನ್ನೋ ಹಾಗೂ ಇಲ್ಲ, ಆದ್ರೂ ಓದ್ತಾ ಓದ್ತಾ ನಂಗೆ ಇದು ನಮ್ಮೋನ ಮಾತಾ ಸಾಹೇಬನ ಮಾತಾ ಅಂತ ಅನುಮಾನ. ಈ ದೇಶದ ಹೊಗಳಿಕೆ ಬಂದಾಗಂತೂ ಜಾಸ್ತಿ. ಕ್ಲಾಸಲ್ಲಿ ಹಾಗಂದೆ, ಯಾರೂ ಏನೂ ಅನ್ಲಿಲ್ಲ, ಅವಳೊಬ್ಳೇ ಹೌದು ಅಂದಿದ್ದು.

ಕಿಪ್ಲಿಂಗ್‌ದೇ ಇನ್ನೊಂದು ಕತೆ 'ಬಿಯಾಂಡ್ ದ ಪೇಲ್', ಅಂದ್ರೆ ಎಲ್ಲೆ ಮೀರಿ ಅಂತ, 1888ರ ಪುಸ್ತಕದಲ್ಲಿದೆ, ಆಗ ಅವನಿಗೆ 22 ವರ್ಷ. ಶುರುವಾಗೋದೇ ಹೇಗೆ ಗೊತ್ತಾ, ಏನೇ ಆದ್ರೂ ಮನುಷ್ಯ ತನ್ನ ಜಾತಿ ಕುಲ ಬಿಡಬಾರ್ದು ಅಂತ. ನಿನ್ನ ಮೆಸೇಜ್ ಬಂದಿದ್ದೂ ಅವತ್ತೇ, 'ನಮ್ಮೋರು ನಮ್ಮೋರೇ ಕಣೋ'. ಲೈಬ್ರರೀಲಿ ಒಬ್ನೇ ನಕ್ಬಿಟ್ಟೆ. ಕತೇಲಿ ಬಿಸೇಸಾ ಅಂತ 15 ವರ್ಷದ ವಿಧವೆ, ಗಲ್ಲಿ ಕಿಟಕಿ ದಾಟಿ ಬರೋ ಒಬ್ಬ ಇಂಗ್ಲಿಷೋನು. ಗೊತ್ತಾದ್ಮೇಲೆ ಅವಳ ಎರಡೂ ಕೈ ಕತ್ತರಿಸ್ತಾರೆ. ಅವನಿಗೆ ಒಂದು ಕಾಲು ಸ್ವಲ್ಪ ಬಿಗಿ, ಅಷ್ಟೇ, ಮಿಕ್ಕಂತೆ ಆರಾಮಾಗಿ ಓಡಾಡ್ಕೊಂಡಿರ್ತಾನೆ. ಆಮೇಲೆ ನಗು ಬರ್ಲಿಲ್ಲಮ್ಮ.

ನಮ್ ಮಾಸ್ತಿಯವರ 'ರಂಗನ ಮದುವೆ'ನೂ ಸೇರಿಸಿದೀನಿ, ಅವಳಿಗೆ ನಾನೇ ಅನುವಾದ ಮಾಡ್ಕೊಟ್ಟೆ. ಬೆಂಗಳೂರಲ್ಲಿ ಇಂಗ್ಲಿಷ್ ಓದಿ ಬಂದ ರಂಗನ ಎದೆ ಮುಟ್ಟಿ ಮುದುಕಿ ಜನಿವಾರ ಹುಡುಕ್ತಾಳಲ್ಲ, ಅದಕ್ಕೆ ಅವಳು ಬಿದ್ದೂ ಬಿದ್ದೂ ನಕ್ಕಳು. ಅಜ್ಜಿ ಹೋದ್ವಾರ ವಿಡಿಯೋ ಕಾಲಲ್ಲಿ 'ಶರ್ಟ್ ಸ್ವಲ್ಪ ಸರಿಸು ಪುಟ್ಟ' ಅಂದಿದ್ದನ್ನೂ ಹೇಳ್ದೆ, ಬೇಜಾರ್ ಮಾಡ್ಕೋಬೇಡ. ಜನಿವಾರ ಇದೆ. ಮೊಟ್ಟೆನೂ ತಿಂತಿಲ್ಲ. ಇಲ್ಲಿ ಸೀಗಲ್ ಅನ್ನೋ ಕಡಲಹಕ್ಕಿ ಕೈಯಿಂದ್ಲೇ ಚಿಪ್ಸ್ ಕಿತ್ಕೊಂಡು ಹೋಗುತ್ತೆ, ಅದು ಬಿಟ್ರೆ ನನ್ನ ಯಾರೂ ಹಾರಿಸ್ಕೊಂಡ್ ಹೋಗಲ್ಲ, ಆಣೆಗೂ.

ಅವಳೂ ವೆಜಿಟೇರಿಯನ್ನೇ. ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ನೀನು ಕೇಳ್ತೀಯ ಅಂತ ಹೇಳ್ದೆ.

ಚಿಕ್ಕಪ್ಪ ಕಳಿಸಿದ ಜಾತಕ ಈಗ ಬೇಡ, ಕೋರ್ಸ್ ಮುಗೀಲಿ. ಬಸ್ ಬಂತು, ಅವಳು ಕಾಯ್ತಿದಾಳೆ, ಅಂದ್ರೆ ಪ್ರೆಸೆಂಟೇಶನ್‌ಗೆ. ಅಪ್ಪಂಗೆ ಮಾತ್ರೆ ಮರೀಬೇಡಿ ಅನ್ನು. ಭಾನುವಾರ ಫೋನ್ ಮಾಡ್ತೀನಿ.

ಪುಟ್ಟ