ಎಲ್‌ಎಲ್‌ಆರ್ ಪರೀಕ್ಷೆಯನ್ನು ನಮ್ಮ ಮಕ್ಕಳೇ ಬರೆಯಲಿ: ಸಾರಿಗೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ ನಮಸ್ಕಾರ.

ನಾನು ಗದಗ ಜಿಲ್ಲೆಯ ಗಜೇಂದ್ರಗಡ ಭಾಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ವಯಸ್ಸು 18 ತುಂಬಿದ ಕೂಡಲೇ ನಮ್ಮ ಮಕ್ಕಳು ಎಲ್‌ಎಲ್‌ಆರ್, ಅಂದರೆ ಗಾಡಿ ಕಲಿಯುವವರ ಲೈಸೆನ್ಸ್, ಮಾಡಿಸಲು ಓಡುತ್ತಾರೆ. ಲೈಸೆನ್ಸ್ ಇಲ್ಲದೆ ಗಾಡಿ ಮುಟ್ಟಬಾರದು ಎಂಬ ಅರಿವು ಬಂದಿದೆ, ಅದು ಸಂತೋಷದ ವಿಷಯ. ಆದರೆ ಎಲ್‌ಎಲ್‌ಆರ್ ಪರೀಕ್ಷೆಯನ್ನು ಎಷ್ಟೋ ಮಕ್ಕಳು ತಾವೇ ಬರೆಯುತ್ತಿಲ್ಲ. ಅದಕ್ಕೇ ಈ ಪತ್ರ.

ಮೊದಲು ಎಲ್ಲದಕ್ಕೂ ಗದಗಿನ ಆರ್‌ಟಿಒ ಆಫೀಸಿಗೇ ಹೋಗಬೇಕಿತ್ತು. ನಮ್ಮೂರಿಂದ 50 ಕಿಲೋಮೀಟರ್‌ಗೂ ಜಾಸ್ತಿ. ಒಂದು ದಿನದ ಕೂಲಿ ಹೋಗುತ್ತಿತ್ತು. ಈಗ ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಮೂಲಕ ಅರ್ಜಿ ಹಾಕಿ, ರಸ್ತೆ ಸುರಕ್ಷತೆಯ ವಿಡಿಯೋ ನೋಡಿ, ಮನೆಯಲ್ಲೇ ಪರೀಕ್ಷೆ ಬರೆಯಬಹುದು. ಈ ಸೌಲಭ್ಯ ಬೇಡ ಎಂದು ನಾನು ಖಂಡಿತ ಹೇಳುತ್ತಿಲ್ಲ.

ತೊಡಕು ಶುರುವಾಗುವುದು ಒಟಿಪಿಯಿಂದ. ಹುಡುಗಿಯ ಆಧಾರ್‌ಗೆ ಜೋಡಿಸಿರುವುದು ಅಪ್ಪನ ಮೊಬೈಲ್ ನಂಬರ್. ಅಪ್ಪ ಹೊಲದಲ್ಲಿರುತ್ತಾನೆ, ಇವಳು ಕಂಪ್ಯೂಟರ್ ಸೆಂಟರಿನಲ್ಲಿ. ಕೆಲವರ ಆಧಾರ್‌ನಲ್ಲಿರುವ ನಂಬರ್ ಬಂದ್ ಆಗಿ ವರ್ಷಗಳೇ ಕಳೆದಿವೆ. ಇನ್ನು ಕೆಲವರಿಗೆ ಹೆಸರಿನ ಗೋಳು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಸಾಕಾಗಿ ಕೊನೆಗೆ ಎಲ್ಲವನ್ನೂ ಏಜೆಂಟರ ಕೈಗೆ ಕೊಟ್ಟುಬಿಡುತ್ತಾರೆ. ಕೇಂದ್ರದ ನಿಯಮದಲ್ಲಿರುವ ಶುಲ್ಕ ಒಂದು ಬಗೆಯ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಮಕ್ಕಳು ಕೊಟ್ಟು ಬರುವುದು ಇದರ ಹಲವು ಪಟ್ಟು.

ಹಣ ಹೋದರೆ ಹೋಗಲಿ, ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಎಲ್‌ಎಲ್‌ಆರ್ ಆಯಿತೆಂದು ಖುಷಿಯಿಂದ ತೋರಿಸಿದ ವಿದ್ಯಾರ್ಥಿನಿಗೆ ಪರೀಕ್ಷೆ ಹೆಂಗ ಬರದಿ ಎಂದು ಕೇಳಿದೆ. "ನಾ ಎಲ್ಲಿ ಬರದೇನ್ರಿ ಮೇಡಂ, ಕ್ಯಾಮೆರಾ ಮುಂದ ಕುಂದ್ರು ಅಂದ್ರು, ಅವ್ರ ಒತ್ತಿದ್ರು" ಅಂದಳು. ಮುಖ ಅವಳದು, ಮೌಸ್ ಹಿಡಿದ ಕೈ ಇನ್ನೊಬ್ಬರದು. ತಪ್ಪು ಮಾಡಿದ್ದೇನೆ ಅನ್ನುವುದೂ ಅವಳಿಗೆ ಗೊತ್ತಿರಲಿಲ್ಲ. ಎಲ್ಲರೂ ಹೀಗೇ ಮಾಡಿಸುತ್ತಾರೆ ಅಂತ ತಿಳಿದಿದ್ದಳು.

ಡಿಎಲ್‌ಗೆ, ಅಂದರೆ ಪೂರ್ಣ ಲೈಸೆನ್ಸಿಗೆ, ಹೋದಾಗ ಗಾಡಿ ಓಡಿಸಿ ತೋರಿಸಬೇಕು, ಸರಿ. ಆದರೆ ರಸ್ತೆ ನಿಯಮ ಗೊತ್ತಾ ಅಂತ ಪ್ರಶ್ನೆ ಕೊಟ್ಟು ಕೇಳುವುದು ಎಲ್‌ಎಲ್‌ಆರ್ ಹಂತದಲ್ಲೇ ಅಲ್ವಾ? ಕೆಂಪು ಅಂಚಿನ ತ್ರಿಕೋನ ಇದ್ದರೆ ಮುಂದೆ ಅಪಾಯವಿದೆ ಎಂಬ ಎಚ್ಚರಿಕೆ, ವೃತ್ತದೊಳಗಿನ ಚಿಹ್ನೆ ಪಾಲಿಸಲೇಬೇಕಾದ ಆಜ್ಞೆ. ಇದನ್ನು ಯಾರೂ ಕೇಳದಿದ್ದರೆ ಮಕ್ಕಳು ಯಾಕೆ ಓದುತ್ತಾರೆ? ಎಲ್‌ಎಲ್‌ಆರ್ ಇರುವಾಗ ಗಾಡಿಗೆ ಕೆಂಪು ಎಲ್ ಬೋರ್ಡ್ ಹಾಕಬೇಕು, ಕಾರು ಕಲಿಯುವಾಗ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ಇದೂ ಹೆಚ್ಚಿನವರಿಗೆ ಗೊತ್ತಿಲ್ಲ. ಇದೇ ಮಕ್ಕಳು ನಾಳೆ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋಗುತ್ತಾರೆ. ಅಲ್ಲಿ ರಸ್ತೆ ಮಧ್ಯದ ಪಥ ಚಿಗರಿ ಬಸ್ಸಿಗೆ ಮೀಸಲು. ಊರಿಗೆ ಮರಳುವ ಕತ್ತಲ ದಾರಿಯಲ್ಲಿ ಹಿಂದೆ ದೀಪವೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು. ಇಂಥ ಕಡೆ ನಿಯಮ ಗೊತ್ತಿಲ್ಲದವರನ್ನು ನಾವು ಸುಮ್ನೆ ಬಿಡುತ್ತಿದ್ದೇವೆ.

ಪಾಸಾಗಲು ಶೇ 60ರಷ್ಟು ಉತ್ತರ ಸರಿಯಿದ್ದರೆ ಸಾಕು. ಕನ್ನಡದಲ್ಲೂ ಪರೀಕ್ಷೆ ಇದೆ. ಪಿಯುಸಿ ದಾಟಿದ ನಮ್ಮ ಮಕ್ಕಳಿಗೆ ಇದು ಕಷ್ಟವೇ ಅಲ್ಲ. ಓದು ಬಾರದವರ ಪಾಡು ಬೇರೆ. ಸರಕು, ಪ್ರಯಾಣಿಕರ ವಾಹನ ಓಡಿಸಲು ಎಂಟನೇ ಕ್ಲಾಸ್ ಓದಿರಬೇಕು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಅದು ಒಳ್ಳೆಯದೇ. ಆದರೆ ಅವರಿಗೆ ಯಾರಾದರೂ ಪ್ರಶ್ನೆಯನ್ನು ಆಡುಮಾತಿನಲ್ಲಿ ಓದಿ ಹೇಳಬೇಕು. ಆ ಕೆಲಸ ಏಜೆಂಟರದ್ದಾಗಬಾರದು.

ಆರ್‌ಟಿಒ ಅಧಿಕಾರಿಗಳು ತಾಲ್ಲೂಕಿಗೆ ಕ್ಯಾಂಪ್ ಬರುವುದು ನಮ್ಮಲ್ಲಿ ಹೊಸದಲ್ಲ. ಗಜೇಂದ್ರಗಡ, ಮುಂಡರಗಿ, ನರಗುಂದ, ಶಿರಹಟ್ಟಿಯಂಥ ಊರುಗಳ ಕಾಲೇಜುಗಳಲ್ಲಿ ತಿಂಗಳಿಗೊಮ್ಮೆ ಎಲ್‌ಎಲ್‌ಆರ್ ಕ್ಯಾಂಪ್ ಇಡಿಸಿ. ಅಧಿಕಾರಿಯ ಎದುರೇ ಮಕ್ಕಳು ಪರೀಕ್ಷೆ ಬರೆಯಲಿ. ಕಾಲೇಜು ಓದದ ರೈತರು, ಕೂಲಿಯವರೂ ಅಲ್ಲಿಗೆ ಬರಲಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಬದಲಿಸಿಕೊಡುವವರನ್ನೂ ಅದೇ ದಿನ ಕೂರಿಸಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಸರ್ಕಾರಿ ಶುಲ್ಕ ಎಷ್ಟು ಎಂಬ ಬೋರ್ಡನ್ನು ಪ್ರತಿ ಗ್ರಾಮ ಒನ್ ಕೇಂದ್ರದಲ್ಲಿ ದೊಡ್ಡದಾಗಿ ಬರೆಸಿ.

ಇದರಿಂದ ಜಾಸ್ತಿ ಉಪಯೋಗ ಆಗುವುದು ಹುಡುಗಿಯರಿಗೆ. ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಪ್ರಯಾಣ ಉಚಿತ, ಆದರೆ ಸಂಜೆಯ ಮೇಲೆ ಎಷ್ಟೋ ಹಳ್ಳಿಗೆ ಬಸ್ಸೇ ಇಲ್ಲ. ಕೈಯಲ್ಲಿ ಲೈಸೆನ್ಸ್, ಮನೆಯಲ್ಲಿ ಒಂದು ಸ್ಕೂಟಿ ಇದ್ದರೆ ಪಕ್ಕದೂರಿನ ಕೆಲಸ ಒಪ್ಪಿಕೊಳ್ಳುತ್ತಾರೆ.

ಕ್ಯಾಂಪಿಗೆ ಕೋಣೆ, ಕಂಪ್ಯೂಟರ್ ಕೊಡಿ ಎಂದು ನಮ್ಮ ಪ್ರಾಂಶುಪಾಲರನ್ನು ನಾನೇ ಕೇಳುತ್ತೇನೆ. ಕ್ಯಾಂಪಿಗೆ ಮುಂಚಿನ ವಾರ ಕ್ಲಾಸ್ ಮುಗಿದ ಮೇಲೆ ಮಕ್ಕಳನ್ನು ಕೂರಿಸಿ ರಸ್ತೆ ಚಿಹ್ನೆಗಳ ಪಾಠವನ್ನೂ ಮಾಡುತ್ತೇನೆ. ತಾವು ದಿನಾಂಕ ತಿಳಿಸಿ.

ಇಂತಿ,
ಗದಗ ಜಿಲ್ಲೆಯ ಒಬ್ಬ ಉಪನ್ಯಾಸಕಿ